ಕಾಲು ನೋಡಿ ಅಳೆಯುವವರ ಮುಂದೆ ನಿಲ್ಲುವುದು ಹೇಗೆ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಸೀರೆ ಅಂಗಡಿಯ ಗಾದಿ ಮೇಲೆ ಕೂತು 24 ವರ್ಷ ಸೀರೆ ಬಿಚ್ಚಿ ತೋರಿಸಿದವನು ನಾನು. ಈಗ ಆರು ವರ್ಷದಿಂದ ನನ್ನದೇ ಒಂದು ಸಣ್ಣ ಅಂಗಡಿ ಇದೆ. ಕೆಲಸಕ್ಕೆ ಸೇರಿದ ಮೊದಲ ದಿನ ಹಿರಿಯ ಸೇಲ್ಸ್‌ಮನ್ ಒಬ್ಬರು ಹತ್ತಿರ ಕರೆದು ಹೇಳಿದ್ದರು: "ಗಿರಾಕಿ ಬಂದ್ರ ಮೊದಲ ಕಾಲ್ ನೋಡು. ಮಾರಿ ಆಮ್ಯಾಲ ನೋಡು."

ಕಾಲಲ್ಲಿ ಏನು ನೋಡಬೇಕು? ಚಪ್ಪಲಿ ಯಾವುದು, ಅದರ ಪಟ್ಟಿ ಹೊಲಿಸಿದ್ದಾ, ಹಿಮ್ಮಡಿ ಒಡೆದಿದೆಯಾ, ಬೆರಳ ಸಂದಿಯಲ್ಲಿ ಹೊಲದ ಮಣ್ಣು ಇದೆಯಾ. ಕಾರಿನಿಂದ ಇಳಿದ ಕಾಲು ಬೇರೆ, ಬಸ್ಸಿನಿಂದ ಇಳಿದ ಕಾಲು ಬೇರೆ. ಎರಡು ಸೆಕೆಂಡಿನಲ್ಲಿ ಲೆಕ್ಕ ಮುಗಿಯುತ್ತಿತ್ತು. ಯಾವ ಕಪಾಟು ತೆಗೆಯಬೇಕು, ಚಹಾ ತರಿಸಬೇಕಾ, ಬರೀ ನೀರು ಸಾಕಾ, ಅದೂ ಬೇಡವಾ ಎಂಬುದೆಲ್ಲ ಆ ಎರಡು ಸೆಕೆಂಡಿನಲ್ಲಿ ತೀರ್ಮಾನ. "ಛಲೋ ಮಂದಿ" ಬಂದರೆ ಮೇಲಿನ ಕಪಾಟು. "ಸಾದಾ ಮಂದಿ" ಬಂದರೆ ಕೆಳಗಿನದು.

ಅಳೆಯುವ ಕೆಲಸವನ್ನು ನಾನು ಅಷ್ಟು ವರ್ಷ ಮಾಡಿದೆ. ಆದರೆ ಹುಟ್ಟಿದ್ದು ಅಳತೆಗೆ ಸಿಗುವವರ ಮನೆಯಲ್ಲಿ. ನಮ್ಮಪ್ಪ ಊರಿನ ಕಾಳುಕಡಿ ಪೇಟೆಯಾದ ನೆಹರೂ ಗಂಜಿನಲ್ಲಿ ಹಮಾಲ. ತೊಗರಿ ಚೀಲ ಹೊತ್ತು ನಮ್ಮನ್ನು ಸಾಕಿದರು. ನನ್ನ ಮಗಳು ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಎಂ.ಎ. ಮಾಡಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಳು. ಎರಡನೇ ವಾರ ಫೋನ್ ಮಾಡಿ ಅತ್ತಳು. "ಅಪ್ಪಾ, ನಾ ಬಾಯಿ ತೆಗದ್ರ ನಗತಾರ." ಅವತ್ತಿನಿಂದ ಅವಳಿಗೆ ಫೋನಿನಲ್ಲಿ ಒಂದೊಂದಾಗಿ ಹೇಳಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಊರು ಬಿಟ್ಟು ಹೋಗುವ ಮಕ್ಕಳಿಗೆ, ದೊಡ್ಡವರ ಮದುವೆಗೆ ಹೋಗಲು ಹಿಂಜರಿಯುವವರಿಗೆ, ಶೋರೂಮಿನ ಗಾಜಿನ ಬಾಗಿಲ ಮುಂದೆ ನಿಂತು ವಾಪಸ್ ಬರುವವರಿಗೆ ಇದು ಬೇಕು.

ಮೊದಲು, ಅಳೆಯುವುದು ಏನನ್ನು ಅಂತ ತಿಳಿದುಕೊಳ್ಳಿ

ರೊಕ್ಕ ಒಂದೇ ಆಗಿದ್ದರೆ ಸುಲಭ ಇತ್ತು. ದುಡಿದರೆ ಬರುತ್ತದೆ, ಮುಗಿಯಿತು. ಆದರೆ ನಮ್ಮ ಕಡೆ ಒಂದು ಮಾತು ಇದೆ, ನೀವೂ ಕೇಳಿರುತ್ತೀರಿ: "ರೊಕ್ಕ ಅದ, ಖಾನದಾನಿ ಇಲ್ಲ." ಹೊಸದಾಗಿ ಕಾಂಟ್ರ್ಯಾಕ್ಟ್ ಕೆಲಸದಲ್ಲಿ ಗಳಿಸಿದವರು ನಮ್ಮ ಅಂಗಡಿಗೆ ಬಂದು ಒಂದೇ ಸಲಕ್ಕೆ ಲಕ್ಷ ರೂಪಾಯಿ ಸೀರೆ ಒಯ್ಯುತ್ತಿದ್ದರು. ಅವರು ಹೋದ ಮೇಲೆ ಗಾದಿ ಮೇಲೆ ಈ ಮಾತು ಬರುತ್ತಿತ್ತು. ಅದೇ ಹಳೇ ಇನಾಂದಾರ ಮನೆಯವರು ಬಂದರೆ, ಅವರ ವಾಡೆಯ ಮಾಳಿಗೆ ಸೋರುತ್ತಿದ್ದರೂ, ಕೊಳ್ಳುವುದು ಒಂದೇ ಸೀರೆಯಾದರೂ, ಅಂಗಡಿಯ ಸಾವುಕಾರರು ಎದ್ದು ನಿಲ್ಲುತ್ತಿದ್ದರು.

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಅನ್ನುವವರು ಇದನ್ನು ನೂರು ವರ್ಷದ ಹಿಂದೆಯೇ ಬಿಡಿಸಿ ಹೇಳಿದ್ದಾರೆ ಅಂತ ಮಗಳು ಹೇಳಿದಳು. ರೊಕ್ಕದಿಂದ ಬರುವ ವರ್ಗವೇ ಬೇರೆ, ಜನ ಕೊಡುವ ಮರ್ಯಾದೆಯಿಂದ ಬರುವ ಅಂತಸ್ತೇ ಬೇರೆ. ಎರಡೂ ಒಂದೇ ಮನೆಯಲ್ಲಿ ಇರಬೇಕು ಅಂತಿಲ್ಲ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯೋ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಏನು ತಿನ್ನುತ್ತೀರಿ, ಮನೆ ಹೇಗೆ ಜೋಡಿಸುತ್ತೀರಿ, ಯಾವ ಹಾಡು ಚೆಂದ ಅನ್ನುತ್ತೀರಿ ಎಂಬ ರುಚಿಯಲ್ಲೇ ಮೇಲು ಕೆಳಗು ಕಾಣುತ್ತದೆ, ಆ ರುಚಿ ಚಿಕ್ಕಂದಿನಿಂದ ಮನೆಯಲ್ಲಿ ಬಂದದ್ದು ಅಂತ 1979ರಲ್ಲಿ ಬರೆದರು. ನಾನು ಗಾದಿ ಮೇಲೆ ಕಂಡಿದ್ದೂ ಇದೇ. ಗಿಳಿಹಸಿರು ಸೀರೆಗೆ ಕೈ ಹಾಕಿದವರನ್ನು ನಾವು ಹಳ್ಳಿಯವರು ಅನ್ನುತ್ತಿದ್ದೆವು. ಬೂದಿ ಬಣ್ಣ ಕೇಳಿದವರನ್ನು ಪ್ಯಾಟಿಯವರು ಅನ್ನುತ್ತಿದ್ದೆವು. ಗಿಳಿಹಸಿರು ಏನು ತಪ್ಪು ಮಾಡಿತ್ತು?

ಇದರ ಜೊತೆ ಜಾತಿ. ನಮ್ಮಲ್ಲಿ ಜಾತಿ ಬಿಟ್ಟು ಅಂತಸ್ತಿನ ಮಾತಾಡಿದರೆ ಅರ್ಧ ಸುಳ್ಳು. ಅದಕ್ಕೆ ಮುಂದೆ ಬರುತ್ತೇನೆ.

ಅಳತೆಗೋಲು ಬದಲಾಗುತ್ತಲೇ ಇರುತ್ತದೆ

ಇದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ನಾನು ಸಣ್ಣವನಿದ್ದಾಗ ನಮ್ಮ ಮನೆಯಲ್ಲಿ ಅನ್ನ ಮಾಡುತ್ತಿದ್ದುದು ಹಬ್ಬಕ್ಕೆ, ಇಲ್ಲವೇ ಬೀಗರು ಬಂದಾಗ. ದಿನಾ ಜೋಳದ ರೊಟ್ಟಿ. ದಿನಾ ಅನ್ನ ಉಣ್ಣುವವರು ಅಂದರೆ ದೊಡ್ಡ ಮಂದಿ. ಸಾಲಿಗೆ ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಒಯ್ದರೆ ಮುಚ್ಚಿಟ್ಟುಕೊಂಡು ತಿನ್ನುತ್ತಿದ್ದೆವು. 2013ರಲ್ಲಿ ಅನ್ನಭಾಗ್ಯ ಬಂತು, ಬಡವರ ಮನೆಗೆಲ್ಲ ಅಕ್ಕಿ ಬಂತು. ಈಗ ಪೇಟೆಯಲ್ಲಿ ಒಳ್ಳೆ ಬಿಳಿಜೋಳ ಕೊಳ್ಳಲು ಯೋಚನೆ ಮಾಡಬೇಕು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯದ ವರ್ಷ ಅಂತ ಮಾಡಿದ ಮೇಲೆ ದೊಡ್ಡ ಹೋಟೆಲುಗಳಲ್ಲಿ ಜೋಳದ ರೊಟ್ಟಿಯನ್ನು ಆರೋಗ್ಯದ ಊಟ ಅಂತ ಬಡಿಸುತ್ತಾರೆ. ರೊಟ್ಟಿ ಅದೇ, ಬಡಿಯುವ ಕೈಯೂ ಅದೇ.

ಮನೆಯ ನೆಲವೂ ಹಾಗೇ. ಶಹಾಬಾದ್ ಕಲ್ಲು ನಮ್ಮ ಜಿಲ್ಲೆಯದೇ. ನಮ್ಮ ಬಡವರ ಮನೆಗೆಲ್ಲ ಅದೇ ಪರಶಿ. ಹೊಳೆಯುವ ಟೈಲ್ಸ್ ಬಂದ ಮೇಲೆ ಪರಶಿ ಇದ್ದವರು ಸಾದಾ ಮಂದಿ ಆದರು. ನಮ್ಮ ಓಣಿಯಲ್ಲಿ ಮೂರು ಮನೆಯವರು ಗಟ್ಟಿ ಪರಶಿ ಕಿತ್ತು ಸಾಲ ಮಾಡಿ ಟೈಲ್ಸ್ ಹಾಕಿಸಿದರು. ಬೇಸಿಗೆಯಲ್ಲಿ ನಮ್ಮೂರ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ನೀರು ಚಿಮುಕಿಸಿ ಮಲಗಲು ಪರಶಿಯಷ್ಟು ತಂಪು ಯಾವುದೂ ಇಲ್ಲ.

ಈಗ ಮಾತಿನ ಲೆಕ್ಕ ನೋಡಿ. 1948ರ ಸೆಪ್ಟೆಂಬರ್‌ವರೆಗೆ ನಮ್ಮದು ನಿಜಾಮರ ಸೀಮೆ. ಕಚೇರಿ, ಕೋರ್ಟು, ಕಂದಾಯ ಎಲ್ಲ ಉರ್ದುವಿನಲ್ಲಿ. ಉರ್ದು ಓದಲು ಬರೆಯಲು ಬಂದವನಿಗೆ ಕುರ್ಚಿ, ಬರದವನಿಗೆ ಕಟ್ಟೆ. ಆಗ ನಮ್ಮವರು ಆಸ್ಪತ್ರೆಗೆ ದವಾಖಾನಿ ಅಂದದ್ದು, ತಿಂಡಿಗೆ ನಾಷ್ಟಾ ಅಂದದ್ದು ಆ ಕುರ್ಚಿಯ ಭಾಷೆಯಿಂದ. ಅದು ಅಂದಿನ ದೊಡ್ಡವರ ಮಾತು. ಇವತ್ತು ಬೆಂಗಳೂರಿನಲ್ಲಿ "ದವಾಖಾನಿಗಿ ಹೋಗಬೇಕ್ರಿ" ಅಂದರೆ ಹಳ್ಳಿಯವರು ಅಂತ ನಗುತ್ತಾರೆ. ಇದನ್ನು ಮಗಳಿಗೆ ಹೇಳಿದಾಗ ಅವಳು ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಪ್ಪಾ, ಇದು ನಮ್ಮ ಸಿಲೇಬಸ್‌ನಾಗ ಇರಲಿಲ್ಲ" ಅಂದಳು.

ಮಾತು: ಯಾವುದು ಬದಲಿಸಬೇಕು, ಯಾವುದು ಬಿಡಬಾರದು

ಮಗಳು ಅತ್ತದ್ದು ಒಂದು ಪದಕ್ಕೆ. ಪಿ.ಜಿ.ಯಲ್ಲಿ "ಅರಬಿ ಒಗೀಬೇಕು" ಅಂದಳಂತೆ. ಉಳಿದ ಮೂವರು ಮುಖ ಮುಖ ನೋಡಿಕೊಂಡು ನಕ್ಕರು. ಆಮೇಲೆ ಅವಳು ಬಂದಾಗಲೆಲ್ಲ "ಅರಬಿ ಬಂದಳು" ಅನ್ನಲು ಶುರು ಮಾಡಿದರು.

ಇಲ್ಲಿ ನನ್ನ ಸಲಹೆ ನೇರ. ಎದುರಿನವರಿಗೆ ಅರ್ಥವಾಗದ ಪದವನ್ನು ಬದಲಿಸಿ. ಅರ್ಥವಾಗುವುದನ್ನು ಬದಲಿಸಬೇಡಿ. ಅರಬಿ ಅಂದರೆ ಬಟ್ಟೆ ಅಂತ ಬೆಂಗಳೂರಿನವರಿಗೆ ಗೊತ್ತಿಲ್ಲ, ಅಲ್ಲಿ ಬಟ್ಟೆ ಅನ್ನಿ. ಸಾಲಿ ಅಂದರೆ ಶಾಲೆ, ಮಾರಿ ಅಂದರೆ ಮುಖ. "ಮಾರಿ ತೊಳಕೊಂಡು ಬಾ" ಅಂದರೆ ಅವರಿಗೆ ದೇವಿಯ ನೆನಪಾಗುತ್ತದೆ. ಇಂಥ ಹತ್ತು ಹದಿನೈದು ಪದಗಳ ಪಟ್ಟಿ ಮಾಡಿಕೊಳ್ಳಿ, ಸಾಕು. ಗಿರಾಕಿ ಹೈದರಾಬಾದಿನವರಾದರೆ ನಾನು ಹಿಂದಿಯಲ್ಲಿ ಬೆಲೆ ಹೇಳುವುದಿಲ್ಲವಾ? ಇದೂ ಅಷ್ಟೇ. ನಾಚಿಕೆಗೆ ಮಾಡುವ ಕೆಲಸ ಅಲ್ಲ.

ಆದರೆ "ರಿ" ಬಿಡಬೇಡಿ. ಹೌದ್ರಿ, ಬರ್ರಿ, ಕೂಡ್ರಿ. ನಮ್ಮ ಮಾತಿನಲ್ಲಿ ಮರ್ಯಾದೆ ಪ್ರತಿ ವಾಕ್ಯದ ಕೊನೆಗೆ ಕೂತಿರುತ್ತದೆ. ಹಮಾಲನೂ ಸಾವುಕಾರನಿಗೆ ರಿ ಅನ್ನುತ್ತಾನೆ, ಒಳ್ಳೆ ಸಾವುಕಾರ ಹಮಾಲನಿಗೂ ರಿ ಅನ್ನುತ್ತಾನೆ. ಮಾತಿನ ರಾಗವನ್ನೂ ಬಿಡಬೇಡಿ. ರಾಗ ಬದಲಿಸಲು ಹೋದರೆ ಅರ್ಧ ದಾರಿಯಲ್ಲಿ ಸಿಕ್ಕಿಬೀಳುತ್ತೀರಿ.

ಎಳೆದುಕೊಂಡು ಮೇಲಕ್ಕೆ ಹೋಗಲು ನೋಡುವವರೇ ಮೊದಲು ಸಿಕ್ಕಿಬೀಳುತ್ತಾರೆ. ಇದು ನಮ್ಮೂರಿಗೆ ಮಾತ್ರ ಸೀಮಿತ ಅಲ್ಲ. ಇಂಗ್ಲೆಂಡಿನಲ್ಲಿ ಒಬ್ಬರನ್ನು ಕೆಳಗೆ ಇಳಿಸಲು "ಕಾಮನ್" ಅಂದರೆ ಸಾಕಿತ್ತು. ಅಲ್ಲಿ ಬರ್ಮಿಂಗ್‌ಹ್ಯಾಮ್‌ನ ಪ್ರೊಫೆಸರ್ ಆಲನ್ ರಾಸ್ 1954ರಲ್ಲಿ ಮೇಲ್ವರ್ಗದವರ ಪದಗಳು ಯಾವುವು, ಉಳಿದವರ ಪದಗಳು ಯಾವುವು ಅಂತ ತೋರಿಸಿದರು. ನಾವು ಏನು ಅಂದುಕೊಳ್ಳುತ್ತೇವೆ? ದೊಡ್ಡವರು ದೊಡ್ಡ ಪದ ಆಡುತ್ತಾರೆ ಅಂತ, ಅಲ್ವಾ? ಅಲ್ಲಿ ಉಲ್ಟಾ. ಮೇಲ್ವರ್ಗದವರು ಊಟದ ಬಟ್ಟೆಗೆ ನ್ಯಾಪ್‌ಕಿನ್ ಅನ್ನುತ್ತಿದ್ದರು, ಸರ್ವಿಯೆಟ್ ಎಂಬ ನಾಜೂಕಿನ ಪದ ಆಡಿದವರು ಸಿಕ್ಕಿಬೀಳುತ್ತಿದ್ದರು. ದೊಡ್ಡವರು ಸೀದಾ ರಿಚ್ ಅನ್ನುತ್ತಿದ್ದರು, ಕಷ್ಟಪಟ್ಟು ಮೇಲೆ ಬಂದವರು ವೆಲ್ದಿ ಅನ್ನುತ್ತಿದ್ದರು. ಸರಳ ಪದ ಆಡಲು ಹೆದರಿದವರನ್ನು ಆ ಹೆದರಿಕೆಯೇ ತೋರಿಸಿಕೊಟ್ಟಿತು.

ನಮ್ಮ ಗಾದಿಯ ಮುಂದೆಯೂ ಇದನ್ನು ದಿನಾ ನೋಡಿದೆ. "ನಮ್ಮ ವೈಫ್‌ಗೆ ವೆಡ್ಡಿಂಗ್ ಆನಿವರ್ಸರಿಗೆ ಗ್ರ್ಯಾಂಡ್ ಆಗಿ ತೋರಿಸಿ" ಅನ್ನುವವರ ಹಣೆ ಮೇಲೆ ಬೆವರು ಇರುತ್ತಿತ್ತು. ಅವರ ಬಗ್ಗೆ ನನಗೆ ಕನಿಕರ ಬರುತ್ತಿತ್ತು, ಯಾಕೆಂದರೆ ನಾನೂ ಹಾಗೇ ಇದ್ದೆ. "ಹೆಂಡ್ತಿಗೆ ಸೀರಿ ಬೇಕ್ರಿ" ಅಂದವರು ಆರಾಮವಾಗಿ ಕೂತು ಆರಿಸುತ್ತಿದ್ದರು. ಇಂಗ್ಲಿಷ್ ಕಲಿಯಿರಿ, ಚೆನ್ನಾಗಿ ಕಲಿಯಿರಿ, ಅದು ಅನ್ನಕ್ಕೆ ಬೇಕು. ಆದರೆ ಕನ್ನಡ ಮಾತಾಡುವಾಗ ಮೇಲಿನವರಂತೆ ಕಾಣಲಿ ಅಂತ ಅಲ್ಲಲ್ಲಿ ಚುಕ್ಕಿ ಇಟ್ಟಂತೆ ಸೇರಿಸಬೇಡಿ.

ಅಪ್ಪನ ಕೆಲಸ ಮುಚ್ಚಿಡಬೇಡಿ

ಎಂಟನೇ ತರಗತಿಯಲ್ಲಿ ಒಂದು ಫಾರ್ಮ್ ತುಂಬಬೇಕಿತ್ತು. ತಂದೆಯ ಉದ್ಯೋಗ ಅಂತ ಒಂದು ಸಾಲು. ನನ್ನ ಪಕ್ಕದವನು "ವ್ಯಾಪಾರ" ಅಂತ ಬರೆದ. ನಾನೂ ವ್ಯಾಪಾರ ಅಂತ ಬರೆದೆ. ಗಂಜಿನಲ್ಲೇ ಇರುತ್ತಾರಲ್ಲ, ಅರ್ಧ ನಿಜ ಅಂತ ಸಮಾಧಾನ ಮಾಡಿಕೊಂಡೆ.

ಅಲ್ಲಿಂದ ಮೂರು ವರ್ಷ ಆ ಸುಳ್ಳನ್ನು ಕಾಯಬೇಕಾಯಿತು. ಗೆಳೆಯರನ್ನು ಮನೆಗೆ ಕರೆಯುವಂತಿಲ್ಲ. ಗಂಜಿನ ದಾರಿಯಲ್ಲಿ ಅವರ ಜೊತೆ ಹೋಗುವಂತಿಲ್ಲ. ಒಂದು ದಿನ ಸಾಲಿ ಬಿಟ್ಟು ಬರುವಾಗ ಅಪ್ಪ ಎದುರಿಗೆ ಬಂದರು. ಹೆಗಲ ಮೇಲೆ ಗೋಣಿ ಮಡಿಚಿ ಹಾಕಿದ್ದರು. ಕೈಯಲ್ಲಿ ಚೀಲ ಎತ್ತುವ ಕಬ್ಬಿಣದ ಕೊಕ್ಕೆ. ತೊಗರಿ ಹೊಟ್ಟಿನ ಧೂಳಿನಿಂದ ಹುಬ್ಬು ಬೆಳ್ಳಗಾಗಿತ್ತು. ನಾನು ನೋಡದವನ ಹಾಗೆ ಆಚೆ ಕಡೆ ದಾಟಿದೆ. ಅಪ್ಪ ಕರೆಯಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಏನೂ ಕೇಳಲಿಲ್ಲ. ರೊಟ್ಟಿ ಮುರಿದು ಅರ್ಧ ನನ್ನ ತಾಟಿಗೆ ಹಾಕಿದರು. ಅವರು ತೀರಿಕೊಂಡು ಹನ್ನೊಂದು ವರ್ಷ ಆಯಿತು. ಆ ರೊಟ್ಟಿ ತುಂಡು ಇನ್ನೂ ನನ್ನ ಗಂಟಲಲ್ಲಿದೆ.

ಹಾಗಾಗಿ ಮಗಳಿಗೆ ಮೊದಲ ದಿನವೇ ಹೇಳಿದ್ದೆ. ಯಾರಾದರೂ ಕೇಳಿದರೆ ಒಂದೇ ಉಸಿರಿನಲ್ಲಿ ಹೇಳು: ನಮ್ಮಪ್ಪನದು ಸೀರೆ ಅಂಗಡಿ, ನಮ್ಮ ಮುತ್ಯಾ ಗಂಜಿನಲ್ಲಿ ಹಮಾಲರಾಗಿದ್ದರು. ಕೇಳುವ ಮೊದಲೇ ಹೇಳಬೇಕಿಲ್ಲ. ಕೇಳಿದ ಮೇಲೆ ತಡವರಿಸಬಾರದು. ನೀವು ತಡವರಿಸಿದ ಕಡೆಯೇ ಜನ ಬೆರಳು ಇಡುತ್ತಾರೆ. ನೀವೇ ಸರಾಗವಾಗಿ ಹೇಳಿದ ಮಾತನ್ನು ಮತ್ತೆ ಹಿಡಿದು ಚುಚ್ಚಲು ಆಗುವುದಿಲ್ಲ.

ಅಂಗಡಿ, ಶೋರೂಮ್ ಒಳಗೆ ಹೋಗುವಾಗ

ಇದು ನನ್ನ ಕಸುಬು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಳಗೆ ಬಂದ ಕೂಡಲೇ ಏನು ಬೇಕು, ಎಷ್ಟರೊಳಗೆ ಬೇಕು ಎರಡನ್ನೂ ಒಟ್ಟಿಗೆ ಹೇಳಿ. "ಎರಡು ಸಾವಿರದ ಒಳಗ, ಕಾಟನ್ ಸೀರಿ ತೋರಿಸ್ರಿ." ಇಷ್ಟು ಅಂದರೆ ಸೇಲ್ಸ್‌ಮನ್‌ಗೆ ನಿಮ್ಮ ಕಾಲು ನೋಡುವ ಕೆಲಸವೇ ಉಳಿಯುವುದಿಲ್ಲ. ಜನ ಬೆಲೆ ಹೇಳಲು ನಾಚುತ್ತಾರೆ. ಹೇಳದಿದ್ದರೆ ಅವನೇ ಊಹಿಸುತ್ತಾನೆ, ಊಹೆ ಶುರುವಾದರೆ ಅಳತೆ ಶುರು.

ಗಾದಿ ಅಥವಾ ಕುರ್ಚಿ ಇದ್ದರೆ ಕೂತುಕೊಳ್ಳಿ. ನಿಂತ ಗಿರಾಕಿಯನ್ನು ಬೇಗ ಸಾಗಹಾಕುತ್ತಾರೆ. ಮಡಿಕೆ ಬಿಚ್ಚಿಸಿ ನೋಡಿ, ಸೆರಗು ನೋಡಿ, ಒಳಮೈ ನೋಡಿ. ಬಿಚ್ಚುವುದು ನಮ್ಮ ಕೆಲಸ, ಅದಕ್ಕೆ ಸಂಬಳ ಕೊಡುತ್ತಾರೆ. ಇಪ್ಪತ್ತು ಸೀರೆ ಬಿಚ್ಚಿಸಿ ಒಂದೂ ಕೊಳ್ಳದೆ ಹೋದರೂ ಅದು ತಪ್ಪಲ್ಲ. "ಮನಸಿಗಿ ಬರಲಿಲ್ರಿ" ಅಂತ ಹೇಳಿ ಎದ್ದುಬಿಡಿ. ಮನೆಯವರನ್ನು ಕೇಳಿ ಬರ್ತೀನಿ, ಪರ್ಸ್ ಮರೆತಿದ್ದೀನಿ ಅಂತ ನೆವ ಹೇಳಬೇಡಿ.

ಚೌಕಾಶಿ ಮಾಡಿದರೆ ಅಗ್ಗದವರು ಅಂದುಕೊಳ್ಳುತ್ತಾರೆ ಅನ್ನುವ ಅಂಜಿಕೆ ಕೆಲವರಿಗೆ. ನನ್ನ ಗಾದಿಯಲ್ಲಿ ಜಾಸ್ತಿ ಚೌಕಾಶಿ ಮಾಡಿದವರು ಕಾರಿನವರೇ. ಒಂದು ಸಲ ಕೇಳಿ. ಆಗಲ್ಲ ಅಂದರೆ ಬಿಡಿ.

ಉಡುಪಿನ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ಇಸ್ತ್ರಿ ಮಾಡಿದ ಹತ್ತಿಯ ಅಂಗಿ, ಒರೆಸಿದ ಚಪ್ಪಲಿ, ಕತ್ತರಿಸಿದ ಉಗುರು. ಇಷ್ಟಿದ್ದರೆ ಯಾವ ಕಚೇರಿಗೂ ಹೋಗಬಹುದು. ದೊಡ್ಡ ಕಂಪನಿಯ ಗುರುತು ಎದೆ ಮೇಲೆ ಛಾಪಿಸಿದ ನಕಲಿ ಟೀ ಶರ್ಟು ಕೊಳ್ಳಬೇಡಿ, ಬಟ್ಟೆ ವ್ಯಾಪಾರದವರು ಅದನ್ನು ಬಾಗಿಲಲ್ಲೇ ಗುರುತಿಸುತ್ತಾರೆ. ಮದುವೆಗೆ ಬಂಗಾರ ಎರವಲು ತರಬೇಡಿ. ಎರವಲು ತಂದವರು ಊಟ ಮಾಡುವಾಗಲೂ ಕೊರಳು ಮುಟ್ಟಿಕೊಳ್ಳುತ್ತಲೇ ಇರುತ್ತಾರೆ, ಮದುವೆಯ ಸಂತೋಷವೇ ಇರುವುದಿಲ್ಲ.

ಚಮಚ, ಮುಳ್ಳುಚಮಚದ ಊಟಕ್ಕೆ ಕೂತರೆ ಗೊತ್ತಿಲ್ಲದ್ದನ್ನು ಪಕ್ಕದವರನ್ನು ಕೇಳಿ. ರೊಟ್ಟಿ ಬಂದರೆ ಕೈಯಲ್ಲೇ ಮುರಿಯಿರಿ.

ಇಳಕಲ್ ಸೀರೆಯ ಆಯಿ

ಈಗ ನಾನು ತಪ್ಪಿದ ಕತೆ. ಸುಮಾರು 15 ವರ್ಷದ ಹಿಂದೆ, ದೀಪಾವಳಿ ಕಳೆದ ಮೇಲೆ, ಮಧ್ಯಾಹ್ನ ಒಬ್ಬ ಆಯಿ ಅಂಗಡಿಗೆ ಬಂದರು. ಆಳಂದ ತಾಲೂಕಿನ ಒಂದು ಹಳ್ಳಿಯವರು. ಕಾಲಲ್ಲಿ ರಬ್ಬರ್ ಚಪ್ಪಲಿ, ಒಂದರ ಉಂಗುಟದ ಪಟ್ಟಿಗೆ ಪಿನ್ನು. ನನ್ನ ಲೆಕ್ಕ ಎರಡು ಸೆಕೆಂಡಿನಲ್ಲಿ ಮುಗಿಯಿತು.

"ಇಳಕಲ್ ಸೀರಿ ತೋರ್ಸು ತಮ್ಮಾ, ಮಗಳ ಕುಬಸ ಅದ" ಅಂದರು. ಕುಬಸ ಅಂದರೆ ಸೀಮಂತ. ನಾನು ಕೆಳಗಿನ ಕಪಾಟಿನಿಂದ 350 ರೂಪಾಯಿಯ ಸಿಂಥೆಟಿಕ್ ತೆಗೆದು ಹಾಕಿದೆ. ಇಳಕಲ್ ಅಂಚಿನ ಛಾಪಾ ಇದ್ದದ್ದು. ನೀರು ಬೇಕಾ ಅಂತ ಕೇಳಲಿಲ್ಲ, ಕೂಡ್ರಿ ಅನ್ನಲೂ ಇಲ್ಲ.

"ನಾ ಏನ್ ಕೇಳ್ದೆ, ನೀ ಏನ್ ತೋರ್ಸಲಾಕತ್ತಿ?" ಅಂದರು. ಸಿಟ್ಟಿನಿಂದ ಅಲ್ಲ, ಮೆಲ್ಲಗೆ.

ಆಮೇಲೆ ನಾನು 900 ರೂಪಾಯಿಯದು ತೆಗೆದೆ. ಕೈಮಗ್ಗ ಅಂತಲೇ ನಾವು ಅದನ್ನು ಮಾರುತ್ತಿದ್ದೆವು. ಆಯಿ ಮಡಿಕೆ ಬಿಚ್ಚಿದರು. ಸೀರೆಯನ್ನು ನೋಡಲೇ ಇಲ್ಲ, ನೇರ ಸೆರಗು ಶುರುವಾಗುವ ಜಾಗಕ್ಕೆ ಬೆರಳು ಹೋಯಿತು. ತಿರುಗಿಸಿ ಒಳಮೈ ಸವರಿದರು. "ಇಲ್ಲಿ ಕೊಂಡಿ ಎಲ್ಲದ?" ಅಂದರು.

ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳು. ಖರೆ ಇಳಕಲ್ ಸೀರೆಯಲ್ಲಿ ಒಡಲು ಬೇರೆ ಹಾಸು, ಸೆರಗು ಬೇರೆ ಹಾಸು. ಸೆರಗಿನ ಹಾಸು ರೇಷ್ಮೆ. ನೇಯುವ ಮೊದಲು ಒಡಲಿನ ಒಂದೊಂದು ಎಳೆಯನ್ನು ಸೆರಗಿನ ಒಂದೊಂದು ಎಳೆಗೆ ಕುಣಿಕೆ ಹಾಕಿ ಸಿಕ್ಕಿಸುತ್ತಾರೆ. ಅದಕ್ಕೆ ಕೊಂಡಿ ಅನ್ನುತ್ತಾರೆ. ಬೆರಳು ಆಡಿಸಿದರೆ ಆ ಗೆರೆ ಕೈಗೆ ಸಿಗುತ್ತದೆ. ಅಷ್ಟು ವರ್ಷ ಆ ಸೀರೆ ಮಾರಿದ್ದ ನಾನು ಒಂದು ದಿನವೂ ಹಾಗೆ ಬೆರಳು ಇಟ್ಟು ನೋಡಿರಲಿಲ್ಲ. ನನಗೆ ಬಾಯಿ ಬರಲಿಲ್ಲ. ಮೇಲಿನ ಕಪಾಟಿನಿಂದ ಟೋಪು ತೆನಿ ಅನ್ನುವ ವಿನ್ಯಾಸದ ಸೆರಗಿನದು ತೆಗೆದೆ. ಆಯಿ ಮುಖ ಅರಳಿತು. ಬೆಲೆ 1,450.

ಇಂಥ ಕತೆಗಳಲ್ಲಿ ಆಯಿ ಕೊನೆಗೆ ನೂರು ಎಕರೆಯ ಒಡತಿ ಅಂತ ಗೊತ್ತಾಗುತ್ತದೆ. ಇಲ್ಲಿ ಹಾಗಿರಲಿಲ್ಲ. ಸೊಂಟದ ಚಂಚಿ ಬಿಚ್ಚಿ ಎಣಿಸಿದರು, 1,100 ಇತ್ತು. ಅದರಲ್ಲೇ ಬಸ್ಸಿನ ಚಾರ್ಜು. ನಾನು ಅವರ ಕಾಲು ನೋಡಿ ಮಾಡಿದ ಲೆಕ್ಕದಲ್ಲಿ ರೊಕ್ಕದ ಮಟ್ಟಿಗೆ ತಪ್ಪಿರಲಿಲ್ಲ. ಆದರೂ ತಪ್ಪು ನನ್ನದೇ. ಅವರ ಮಗಳಿಗೆ ಏನು ಬೇಕು ಅಂತ ಅವರ ಬದಲು ನಾನು ತೀರ್ಮಾನ ಮಾಡಿದ್ದೆ. ಬಡವರು ಅಂದ ಮೇಲೆ ಅವರಿಗೆ ಕಣ್ಣು ಇರುವುದಿಲ್ಲ, ಕೈಗೆ ತಿಳಿಯುವುದಿಲ್ಲ ಅಂದುಕೊಂಡಿದ್ದೆ.

"ಇನ್ನೂರು ಹಿಡಿ. ಇದನ್ನ ಇಟ್ಟಿರು. ತೊಗರಿ ಮಾರಿ ಬರ್ತೀನಿ" ಅಂದರು. ಕುಬಸ ಸಂಕ್ರಾಂತಿ ಆದ ಮೇಲೆ ಇತ್ತಂತೆ. ಸಾವುಕಾರರು ಇಟ್ಟುಕೊಳ್ಳುವುದು ಬೇಡ ಅಂದರು. ನಾನು ನನ್ನ ಹೆಸರಿನ ಚೀಟಿ ಅಂಟಿಸಿ ನನ್ನ ಜವಾಬ್ದಾರಿಯಲ್ಲಿ ಇಟ್ಟೆ. ಎಳ್ಳಮಾವಾಸ್ಯೆ ಮುಗಿದ ವಾರ ಆಯಿ ಬಂದರು, ಬಾಕಿ ಕೊಟ್ಟು ಸೀರೆ ಒಯ್ದರು. ಡಬ್ಬಿಯಲ್ಲಿ ನನಗೆ ಕಾಳು ಸೊಪ್ಪಿನ ಭಜ್ಜಿ, ಸಜ್ಜಿ ರೊಟ್ಟಿ ತಂದಿದ್ದರು.

ನನ್ನ ಅಂಗಡಿಯಲ್ಲಿ ಈಗ ಇರುವ ರೂಢಿ ಆವತ್ತಿನದು. ಯಾರೇ ಬರಲಿ ಮೊದಲು ಕೂಡ್ರಿಸಿ ನೀರು ಕೊಡುವುದು. ಕೇಳಿದ ಸೀರೆಯನ್ನೇ ಮೊದಲು ತೋರಿಸುವುದು. "ಇದು ನಿಮಗ ಜಾಸ್ತಿ ಆಗತದ" ಅನ್ನುವ ಮಾತು ಬಾಯಿಂದ ಬರಬಾರದು. ಕೆಲಸಕ್ಕೆ ಇರುವ ಇಬ್ಬರು ಹುಡುಗರಿಗೆ ಗಿರಾಕಿಯ ಕೈ ನೋಡಿ ಅಂತ ಹೇಳಿದ್ದೇನೆ. ಬಟ್ಟೆಯ ಮೇಲೆ ಕೈ ಎಲ್ಲಿ ನಿಲ್ಲುತ್ತದೋ ಅದನ್ನು ತೋರಿಸಿ.

"ಅಡ್ಡಹೆಸರೇನ್ರಿ?" ಅಂದಾಗ

ನಮ್ಮ ಕಡೆ ಪರಿಚಯದ ಎರಡನೇ ಪ್ರಶ್ನೆಯೇ ಇದು. ಅಡ್ಡಹೆಸರು ಅಂದರೆ ಮನೆತನದ ಹೆಸರು, ಜಾತಿ ತಿಳಿಯಲಿ ಅಂತ ಕೇಳುವುದು. ಅಡ್ಡಹೆಸರು ಹೇಳಿದರೂ ಸಮಾಧಾನ ಆಗದಿದ್ದರೆ "ಯಾರ ಪೈಕಿ?" ಅನ್ನುತ್ತಾರೆ. ಮನೆ ಬಾಡಿಗೆಗೆ ಕೇಳಲು ಹೋದರೆ ಇನ್ನೂ ಜಾಸ್ತಿ. ಕೇಳುವವರು ಬೆಂಗಳೂರಿನಲ್ಲೂ ಇದ್ದಾರೆ, ಅಲ್ಲಿ ಸುತ್ತಿ ಬಳಸಿ ಕೇಳುತ್ತಾರೆ, ಅಷ್ಟೇ.

ನನ್ನ ಪದ್ಧತಿ ಹೀಗೆ. ಹೆಸರು, ಊರು, ಕೆಲಸ ಮೂರನ್ನೂ ಹೇಳಿ ನಿಲ್ಲಿಸುತ್ತೇನೆ. ಮತ್ತೆ ಕೇಳಿದರೆ "ಅದು ಬೇಕಾಗತದ ಏನ್ರಿ?" ಅಂತ ಮರ್ಯಾದೆಯಿಂದಲೇ ಕೇಳುತ್ತೇನೆ. ಹತ್ತರಲ್ಲಿ ಏಳು ಜನ ಅಲ್ಲಿಗೆ ಬಿಡುತ್ತಾರೆ. ಉಳಿದವರ ಮನೆ ಬಾಡಿಗೆಗೆ ಬೇಡ. ನಾನಂತೂ ಯಾರನ್ನೂ ಕೇಳುವುದಿಲ್ಲ. ಕೇಳುವುದನ್ನು ನಿಲ್ಲಿಸಲು ನನಗೆ ಬಹಳ ವರ್ಷ ಬೇಕಾಯಿತು, ನಾಲಿಗೆ ತುದಿಗೆ ಬಂದುಬಿಡುತ್ತಿತ್ತು.

ಆದರೆ ಒಂದು ಕಡೆ ಹೊಂದಿಕೊಳ್ಳುವ ಮಾತೇ ಇಲ್ಲ. ಬೇರೆ ಲೋಟದಲ್ಲಿ ಚಹಾ ಕೊಟ್ಟರೆ, ಹೊರಗೇ ಕೂಡಿಸಿದರೆ, ಉಂಡ ತಾಟು ನೀವೇ ತೊಳೆದಿಡಿ ಅಂದರೆ ಅದು ಪದ್ಧತಿ ಅಲ್ಲ, ಅಪರಾಧ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ತೆಗೆದುಹಾಕಿದೆ. ದೌರ್ಜನ್ಯ ತಡೆಗೆ 1989ರ ಕಾಯ್ದೆ ಇದೆ. ಅಲ್ಲಿಂದ ಎದ್ದು ಬನ್ನಿ, ಯಾರು ಯಾರು ಇದ್ದರು ಅಂತ ಅವತ್ತೇ ಬರೆದಿಡಿ, ದೂರು ಕೊಡಿ. ಪಕ್ಕದಲ್ಲಿ ಕೂತು ನೋಡಿದವರಾದರೆ ಸಾಕ್ಷಿ ಹೇಳಿ.

ಬಸವಕಲ್ಯಾಣ ನಮ್ಮಿಂದ ಎರಡು ತಾಸಿನ ದಾರಿ. 12ನೇ ಶತಮಾನದಲ್ಲಿ ಅಲ್ಲಿ ಚಪ್ಪಲಿ ಹೊಲಿಯುವ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಮಾಡಿದರು ಅಂತ ಶರಣರ ಕತೆ. ಅದಕ್ಕೆ ಇಬ್ಬರು ತಂದೆಯರೂ ಜೀವ ತೆತ್ತರು. ಗಿರಾಕಿಯ ಚಪ್ಪಲಿ ನೋಡುವಾಗ ನನಗೆ ಹರಳಯ್ಯ ನೆನಪಾಗಬೇಕಿತ್ತು. 24 ವರ್ಷ ಪಿನ್ನು ಹಾಕಿದ ಪಟ್ಟಿಯನ್ನಷ್ಟೇ ನೋಡಿದೆ.

ನಿಮ್ಮ ಮನೆಗೆ ಅವರು ಬಂದಾಗ

ಕಳೆದ ಮೇ ತಿಂಗಳಲ್ಲಿ ಮಗಳು ಫೋನ್ ಮಾಡಿದಳು. ಅದೇ ಪಿ.ಜಿ.ಯ ಇಬ್ಬರು ಗೆಳತಿಯರನ್ನು ಕರೆದುಕೊಂಡು ಬರುತ್ತೇನೆ ಅಂದಳು. ಕೋಟೆ ನೋಡಬೇಕು, ಬಂದೇ ನವಾಜ್ ದರ್ಗಾ, ಶರಣಬಸವೇಶ್ವರ ಗುಡಿ ನೋಡಬೇಕು ಅಂತ. ನನಗೆ ಕೈಕಾಲು ಆಡಲಿಲ್ಲ. ಪಕ್ಕದ ಮನೆಯ ಸೋಫಾ ಎರಡು ದಿನಕ್ಕೆ ತರೋಣ ಅಂದೆ. ನನ್ನ ಹೆಂಡತಿ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸದೇ ಹೇಳಿದಳು: "ಸೋಫಾ ತಂದ್ರ ನೀವು ಅದರ ಮ್ಯಾಲ ಹ್ಯಾಂಗ ಕೂಡಬೇಕು ಅಂತ ಯೋಚ್ನಿ ಮಾಡ್ಕೋತ ಕೂಡ್ತೀರಿ. ಅವರ ಜೋಡಿ ಮಾತಾಡೋದು ಯಾವಾಗ?"

ಅವಳು ಮಾಡಿದ ಹಾಗೆ ಮಾಡಿ. ಎರವಲು ಏನೂ ತರಬೇಡಿ. ಇರುವುದನ್ನು ತೊಳೆದಿಡಿ. ಹಿಡಿಕೆ ಮುರಿದ ಕಪ್ಪು, ಸೀಳು ಬಿಟ್ಟ ಬಸಿ ತೆಗೆದುಬಿಡಿ. ಬಂದವರಿಗೂ, ಅವರನ್ನು ಕರೆತಂದ ಆಟೋದವರಿಗೂ, ಮನೆಗೆಲಸಕ್ಕೆ ಬರುವ ಅಕ್ಕನಿಗೂ ಒಂದೇ ಥರದ ಕಪ್ಪಿನಲ್ಲಿ ಚಹಾ ಕೊಡಿ. ಸಂಡಾಸ ಅಂಗಳದ ಆಚೆ ಇದ್ದರೆ ಬಂದ ಹತ್ತು ನಿಮಿಷದಲ್ಲಿ ತೋರಿಸಿಬಿಡಿ, ದೀಪದ ಗುಂಡಿ ಎಲ್ಲಿದೆ ಅಂತಲೂ ಹೇಳಿ. ಅವರು ರಾತ್ರಿ ಕೇಳಲು ಸಂಕೋಚ ಪಡುವಂತೆ ಮಾಡಬೇಡಿ. ಬಿಸಿಲಿನ ದಿನವಾದರೆ ಪರಶಿಗೆ ಎರಡು ಸಲ ನೀರು ಹಾಕಿ ಒರೆಸಿ, ಚಾದರ ಹಾಸಿ. ಊಟಕ್ಕೆ ಖಾರ ಎಷ್ಟು ನಡೆಯುತ್ತದೆ ಅಂತ ಮೊದಲೇ ಕೇಳಿಕೊಳ್ಳಿ.

ಆ ಹುಡುಗಿಯರಲ್ಲಿ ಒಬ್ಬಳು ಊಟ ಮುಗಿದ ಮೇಲೆ ಮಗಳನ್ನು ಕೇಳಿದಳು, "ಅರಬಿ ಎಲ್ಲಿ ಒಣಹಾಕಲಿ?" ಅಂತ. ಈ ಸಲ ಅವಳು ನಗುತ್ತಿರಲಿಲ್ಲ. ಒದ್ದೆ ಬಟ್ಟೆಯ ಬಕೆಟ್ ಕೈಯಲ್ಲಿತ್ತು. ನನ್ನ ಹೆಂಡತಿ ಅದನ್ನು ಇಸಕೊಂಡು ಮಾಳಿಗೆ ಮೆಟ್ಟಿಲು ತೋರಿಸಿದಳು. ಹಗ್ಗ ಆ ಕಡೆ ಇದೆ, ಚಿಮಟಿಗೆ ಡಬ್ಬಿಯಲ್ಲಿ ಇವೆ, ಚಪ್ಪಲಿ ಹಾಕಿಕೊಂಡು ಹೋಗು, ಮೇಲೆ ಕಾಲು ಸುಡುತ್ತದೆ ಅಂದಳು.